ಒಂದು ರಿವಾಲ್ವರ್, ಎರಡು ಕೆಲಸ: ಶಿರಸಿ ಸೀಮೆಯ ಒಂದು ಪ್ರಕರಣ

"ಸುಬೇದಾರ್ರೇ, ಗ್ಲಾಕ್ ತಗೊಳ್ಳೋದೋ, ಸಿಗ್ ಸೌರ್ ತಗೊಳ್ಳೋದೋ?"

2022ರ ಅಕ್ಟೋಬರ್‌ನ ಒಂದು ರಾತ್ರಿ ಫೋನಿನಲ್ಲಿ ಬಂದ ಮೊದಲ ಮಾತೇ ಇದು. ಎರಡೂ ಹೊರದೇಶದ ಪಿಸ್ತೂಲುಗಳ ಹೆಸರು. ನಮಸ್ಕಾರವೂ ಇಲ್ಲ, ಊಟ ಆಯ್ತಾ ಅಂತಲೂ ಇಲ್ಲ. ಮಾತಾಡಿದವರು ಶಿರಸಿ ಹತ್ತಿರದ ಒಬ್ಬ ಅಡಿಕೆ ವ್ಯಾಪಾರಿ. ಹೆಗಡೆಯವರು ಅಂತ ಕರೆಯೋಣ. ಶಿರಸಿ ಪೇಟೆಯಲ್ಲಿ ಕಲ್ಲು ಹೊಡೆದರೆ ಯಾರಾದರೊಬ್ಬ ಹೆಗಡೆಯವರಿಗೆ ತಾಗುತ್ತೆ, ಹಾಗಾಗಿ ಗುರುತು ಸಿಗುವ ಹೆದರಿಕೆ ಇಲ್ಲ.

ನಾನು ಸೇನೆಯಲ್ಲಿದ್ದಾಗ ಕೊನೆಯ ಆರು ವರ್ಷ ಹೊಸ ಹುಡುಗರಿಗೆ ಸಣ್ಣ ಆಯುಧಗಳ ಪಾಠ ಹೇಳಿದವನು. ಈಗ ಅಂಕೋಲೆಯಲ್ಲಿ ತೆಂಗು ನೋಡಿಕೊಂಡು ಇದ್ದೇನೆ. ಕೋವಿಯ ವಿಷಯ ಬಂದರೆ ಜನ ನನ್ನ ಮನೆ ಕಡೆ ಮುಖ ಮಾಡುತ್ತಾರೆ. ಹೆಚ್ಚಿನವರದ್ದು ಬೆಳೆ ರಕ್ಷಣೆ ಕೋವಿಯ ನವೀಕರಣದ ಗೋಳು. ಅರ್ಜಿ ಬರೆದು ಕೊಟ್ಟರೆ ಮುಗಿಯಿತು. ಹೆಗಡೆಯವರದ್ದು ಹಾಗಲ್ಲ. ಸೊಂಟದಲ್ಲಿ ಇಟ್ಟುಕೊಂಡು ಹೋಗೋಕೂ ಬೇಕು, ರಾತ್ರಿ ಮನೆ ಕಾಯೋಕೂ ಬೇಕು, ಜೀವನದಲ್ಲಿ ಮೊದಲ ಸಲ ಕೈಗೆ ಬರುವ ಪಿಸ್ತೂಲು. ಈ ಒಂದು ಪ್ರಕರಣ ಮುಗಿಯಲು ಎರಡು ವರ್ಷ ಹಿಡಿಯಿತು. ಅದನ್ನು ಪೂರ್ತಿ ಬರೆದಿಡುತ್ತಿದ್ದೇನೆ.

ಗ್ಲಾಕ್ ವಿಷಯ ಆ ರಾತ್ರಿಯೇ ಮುಗಿಯಿತು. ಅವರು ನೋಡಿದ ವಿಡಿಯೋಗಳೆಲ್ಲ ಅಮೆರಿಕದವು. ಅಲ್ಲಿ 9 ಎಂಎಂ ಪಿಸ್ತೂಲು ಅಂಗಡಿಯಲ್ಲಿ ಸಿಗುತ್ತೆ. ನಮ್ಮಲ್ಲಿ 9 ಎಂಎಂ ನಿಷೇಧಿತ ಬೋರ್ (ಬೋರ್ ಅಂದರೆ ನಳಿಗೆಯ ಒಳ ಅಳತೆ). ಅದರ ಲೈಸೆನ್ಸ್ ಕೇಂದ್ರ ಗೃಹ ಇಲಾಖೆಯ ಕೈಯಲ್ಲಿದೆ, ಕಾರವಾರದ ಡಿಸಿ ಕೊಡುವಂಥದ್ದಲ್ಲ. ಸಾಮಾನ್ಯ ಜನರಿಗೆ ಹೊರದೇಶದ ಪಿಸ್ತೂಲು ತರಿಸುವ ದಾರಿಯೂ 1980ರ ದಶಕದಲ್ಲೇ ಮುಚ್ಚಿತು. ಅದಕ್ಕೇ ಅಜ್ಜನ ಕಾಲದ ಇಂಗ್ಲೆಂಡಿನ ವೆಬ್ಲಿ ರಿವಾಲ್ವರಿಗೆ ಇವತ್ತು ಲಕ್ಷಗಟ್ಟಲೆ ರೇಟು. ಹೆಗಡೆಯವರ ಮುಂದೆ ಉಳಿದದ್ದು .32 ಬೋರಿನ ನಾಲ್ಕೈದು ದೇಶೀ ಮಾದರಿ ಅಷ್ಟೇ.

"ಹಾಗಾದ್ರೆ ಅದ್ರಲ್ಲಿ ಯಾವುದು?" ಅಂದರು.

"ಮೊದಲು ನಿಮ್ಮನೇಲಿ ಒಂದು ರಾತ್ರಿ ಉಳಿಯೋಕೆ ಜಾಗ ಕೊಡಿ," ಅಂದೆ.

ಮನೆ, ಜನ, ಹೆದರಿಕೆ

ದೊಡ್ಡಹಬ್ಬದ (ದೀಪಾವಳಿಯ) ರಜೆಯಲ್ಲಿ ದೇವಿಮನೆ ಘಾಟಿ ಹತ್ತಿ ಹೋದೆ. ಶಿರಸಿ ಪೇಟೆಯಿಂದ 14 ಕಿಲೋಮೀಟರ್ ಒಳಗೆ, ತೋಟದ ಮೇಲಿನ ತಿಟ್ಟಿನಲ್ಲಿ ಹಂಚಿನ ಮನೆ. ಕೂಗು ಹಾಕಿದರೆ ಕೇಳುವಷ್ಟು ದೂರದಲ್ಲಿ ಇನ್ನೊಂದು ಮನೆ ಇಲ್ಲ. ಹೊರಗೋಡೆ ಚಿರೆಕಲ್ಲಿನದು, ಗಟ್ಟಿ. ಒಳಗೆ ಮಾತ್ರ ಅರ್ಧಕ್ಕರ್ಧ ಹಲಗೆಯ ಅಡ್ಡಗೋಡೆ. ಮೆತ್ತಿನ (ಮಾಳಿಗೆಯ) ಮೇಲೆ ಹೋದ ವರ್ಷದ ಚಾಲಿ ಅಡಿಕೆಯ ಮೂಟೆಗಳು.

ಮನೆಯಲ್ಲಿ ಹೆಗಡೆಯವರು, ಅವರ ಹೆಂಡತಿ, 79 ವರ್ಷದ ಅಪ್ಪ. ಮಗಳು ಅಳಿಯ ಗೋವಾದ ಮಡಗಾಂವಿನಲ್ಲಿ. ರಜೆ ಬಂತೆಂದರೆ ಏಳು ವರ್ಷದ ಮೊಮ್ಮಗಳು ಇಲ್ಲಿ. ಅಪ್ಪನ ಹೆಸರಿನಲ್ಲಿ 12 ಬೋರಿನ ಒಂಟಿ ನಳಿಗೆಯ, ತೋಟೆ (ಕಾರ್ಟ್ರಿಜ್) ಹಾಕುವ ಕೋವಿ ಇದೆ. ಮಂಗ ಓಡಿಸಲು ಎಷ್ಟೋ ವರ್ಷದ ಹಿಂದೆ ತಗೊಂಡದ್ದು. ಈಗ ಅಪ್ಪನಿಗೆ ಅದನ್ನು ಎತ್ತಿ ಹಿಡಿಯಲೂ ಆಗುವುದಿಲ್ಲ.

ಹೆದರಿಕೆ ಎರಡು ಕಡೆಯಿಂದ ಬಂದಿತ್ತು. ಆ ವರ್ಷದ ಆಗಸ್ಟಿನಲ್ಲಿ, ಜಡಿಮಳೆಯ ರಾತ್ರಿ, ಕೊಟ್ಟಿಗೆಯ ಅಟ್ಟದಿಂದ ಎರಡು ಮೂಟೆ ಚಾಲಿ ಹೋಗಿತ್ತು. ಪೊಲೀಸ್ ದೂರು ಆಗಿತ್ತು, ಮಾಲು ಸಿಗಲಿಲ್ಲ. ಎರಡನೆಯದು ಬನವಾಸಿ ರಸ್ತೆಯಲ್ಲಿ. ಸಣ್ಣ ಬೆಳೆಗಾರರಿಗೆ ಕೊಡಲು ನಾಲ್ಕು ಲಕ್ಷ ನಗದು ಕಾರಿನಲ್ಲಿಟ್ಟುಕೊಂಡು ಹೋಗುವಾಗ ಒಂದು ಬೈಕು ಹಿಂದೆ ಬಿದ್ದಿತ್ತು. ಇವರು ಚಾದಂಗಡಿ ಮುಂದೆ ನಿಲ್ಲಿಸಿದರು, ಅದೂ ನಿಂತಿತು. ಆಮೇಲೆ ಮುಂದೆ ಹೋಯಿತು.

"ಅವ್ರೂ ಚಾ ಕುಡಿಯೋಕೇ ನಿಂತಿರ್ಬಹುದು ಅಲ್ವಾ?" ಅಂದೆ.

"ಇರ್ಬಹುದು," ಅಂದರು ಹೆಗಡೆಯವರು. "ಆದ್ರೆ ಆವತ್ತಿಂದ ಕನ್ನಡಿ ನೋಡ್ತಾನೇ ಗಾಡಿ ಓಡಿಸ್ತೆ."

ಈ ಪ್ರಾಮಾಣಿಕತೆ ನನಗೆ ಹಿಡಿಸಿತು. ಆಯುಧ ಬೇಕು ಅಂತ ಬರುವವರು ಸಾಮಾನ್ಯವಾಗಿ ಬೈಕಿಗೆ ಎರಡು ಮಚ್ಚು ಸೇರಿಸಿ ಹೇಳುತ್ತಾರೆ.

ಬೆಳಗಿನ ಜಾವ ಮೂರಕ್ಕೆ

ರಾತ್ರಿ ಊಟಕ್ಕೆ ಕೂತಾಗ ನನ್ನ ಯೋಜನೆ ಹೇಳಿದೆ. ಹೆಗಡೆಯವರ ಟಾರ್ಚನ್ನೇ ರಿವಾಲ್ವರ್ ಅಂತ ಇಟ್ಟುಕೊಳ್ಳೋಣ. ರಿವಾಲ್ವರ್ ಬಂದ ಮೇಲೆ ಎಲ್ಲಿಡುತ್ತೀರೋ ಅಲ್ಲೇ ಬೀಗ ಹಾಕಿ ಇಡಿ. ಆರು ಅಡಿಕೆ ತೋಟೆ ಅಂತ ಬೇರೆ ಕಡೆ ಇಡಿ. ರಾತ್ರಿ ಯಾವಾಗಲೋ ನಾನು ಕಳ್ಳನಾಗಿ ಬರುತ್ತೇನೆ. ಸದ್ದು ಕೇಳಿದ ಕೂಡಲೇ ಎದ್ದು, ಟಾರ್ಚ್ ತೆಗೆದು, ಆರು ಅಡಿಕೆ ಕೈಯಲ್ಲಿ ಹಿಡಿದು "ರೆಡಿ" ಅನ್ನಬೇಕು. ಹೆಂಡತಿಗೂ ಅಪ್ಪನಿಗೂ ವಿಷಯ ಗೊತ್ತಿತ್ತು. ಅಜ್ಜ ನಕ್ಕುಬಿಟ್ಟರು. "ಈ ವಯಸ್ಸಲ್ಲಿ ಕಳ್ಳ-ಪೊಲೀಸ್ ಆಡ್ತ್ರನೋ," ಅಂದರು.

ಮೂರು ಗಂಟೆ ದಾಟಿದ ಮೇಲೆ ಎದ್ದು ಹೊರಗೆ ಹೋಗಿ, ಬಚ್ಚಲಮನೆ ಕಡೆಯ ಬಾಗಿಲಿಗೆ ಬಂದೆ. ಒಳಗಿನ ಅಗುಳಿ ಎಷ್ಟು ಸಡಿಲ ಇತ್ತೆಂದರೆ ಸಂದಿಯಲ್ಲಿ ಅಡಿಗೆಮನೆಯ ಸಟ್ಟುಗ ತೂರಿಸಿ ಎತ್ತಿದರೆ ಸಾಕಾಯಿತು. ಬೇಕಂತಲೇ ಕೊಡಪಾನಕ್ಕೆ ಕಾಲು ತಾಗಿಸಿದೆ. ಠಣ್ ಅಂತು. ಅಲ್ಲಿಂದ ವಾಚು ನೋಡಿದೆ.

ನಾಯಿ ಬಂತು. ಬೊಗಳಲಿಲ್ಲ. ಸಂಜೆ ನಾನು ಅದಕ್ಕೆ ದೋಸೆ ಹಾಕಿದ್ದೆ, ಬಾಲ ಅಲ್ಲಾಡಿಸಿತು.

ಒಳಗೆ ಹೆಗಡೆಯವರು ಎದ್ದದ್ದು ಕೇಳಿಸಿತು. ಕನ್ನಡಕ ಹುಡುಕಿದರು. ಕಪಾಟಿನ ಬೀಗದ ಕೈ ದೇವರ ಫೋಟೋ ಹಿಂದೆ. ಅಲ್ಲಿಗೆ ಹೋಗಲು ಹಲಗೆ ಬಾಗಿಲು ತೆಗೆಯಬೇಕು, ಅದು ಕಿರ್ರೆಂದಿತು. ಕಬ್ಬಿಣದ ಕಪಾಟು ತೆರೆದಾಗ ಕೆಳಗಿನ ತೋಟದವರೆಗೂ ಕೇಳಿಸಿರಬೇಕು. ಒಳಗಿನ ಲಾಕರಿಗೆ ಇನ್ನೊಂದು ಕೀಲಿ. ಆಮೇಲೆ ಅಡಿಕೆಗಾಗಿ ಕೆಳಗಿನ ಡ್ರಾಯರು. ಒಂದು ಅಡಿಕೆ ಕೈಜಾರಿ ಉರುಳಿ ಹೋಯಿತು. "ರೆಡಿ" ಅಂದಾಗ ನನ್ನ ವಾಚಿನಲ್ಲಿ 1 ನಿಮಿಷ 52 ಸೆಕೆಂಡ್. ಅಷ್ಟರಲ್ಲಿ ನಾನು ಅಡಿಗೆಮನೆ ದಾಟಿ, ಒಳಜಗಲಿಯಲ್ಲಿ ಅಜ್ಜನ ಮಂಚದ ಪಕ್ಕ ನಿಂತಿದ್ದೆ.

ಹೆಗಡೆಯವರು ಕತ್ತಲಲ್ಲೇ ಟಾರ್ಚನ್ನು ಎರಡೂ ಕೈಯಲ್ಲಿ ಹಿಡಿದು, ವಿಡಿಯೋದಲ್ಲಿ ನೋಡಿದ ಹಾಗೆ, ಜಗಲಿ ಕಡೆ ಚಾಚಿದರು. ನನಗೂ ಅವರಿಗೂ ನಡುವೆ ಏನೋ ಸರಿದ ಹಾಗಾಯಿತು. ಅವರು ಟಾರ್ಚಿನ ಗುಂಡಿ ಒತ್ತಿದರು. ಬೆಳಕಿನ ನಟ್ಟನಡುವೆ ಮೊಮ್ಮಗಳು ನಿಂತಿದ್ದಳು, ಕಣ್ಣು ಉಜ್ಜಿಕೊಳ್ಳುತ್ತಾ. ಉಚ್ಚೆಗೆ ಎದ್ದಿದ್ದಳು.

ಹೆಗಡೆಯವರು ಟಾರ್ಚನ್ನು ನೆಲಕ್ಕಿಟ್ಟು ಅಲ್ಲೇ ಕೂತರು. ಅವರ ಹೆಂಡತಿ ಮಗುವನ್ನು ಬಚ್ಚಲಿಗೆ ಕರೆದುಕೊಂಡು ಹೋದರು. ಆ ರಾತ್ರಿ ಮತ್ತೆ ಯಾರೂ ನಿದ್ದೆ ಮಾಡಲಿಲ್ಲ. ನಾಲ್ಕು ಗಂಟೆಗೆ ಚಾ ಆಯಿತು.

ಒಂದೇ ಆಯುಧ ಎರಡು ಕಡೆ ಇರೋದಿಲ್ಲ

ಚಾ ಕುಡಿಯುತ್ತಾ ನಾನು ಕೇಳಿದ್ದು ಒಂದೇ ಪ್ರಶ್ನೆ. ನಗದು ತಗೊಂಡು ಹೋಗುವ ದಿನ ರಿವಾಲ್ವರ್ ಎಲ್ಲಿರುತ್ತೆ?

"ನನ್ನ ಸೊಂಟದಲ್ಲಿ."

"ಆವತ್ತು ಮನೇಲಿ ಯಾರಿರ್ತಾರೆ?"

ಅವರು ಹೆಂಡತಿಯ ಮುಖ ನೋಡಿದರು. ಮನೆಗೆ ಕಾವಲು ಜಾಸ್ತಿ ಬೇಕಾದದ್ದೇ ಅವರು ಇಲ್ಲದ ದಿನ. ಆ ದಿನವೇ ಆಯುಧವೂ ಇರೋದಿಲ್ಲ. ಬಿಟ್ಟು ಹೋದರೂ ಪ್ರಯೋಜನ ಇಲ್ಲ. ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಅವರದ್ದು ಮಾತ್ರ. ಗಂಡನ ರಿವಾಲ್ವರನ್ನು ಹೆಂಡತಿ ಇಟ್ಟುಕೊಂಡು ಕಾಯುತ್ತೇನೆ ಅನ್ನೋಕೆ ಕಾನೂನಿನಲ್ಲಿ ಅವಕಾಶ ಇಲ್ಲ.

ಮಾರಾಟಗಾರರು "ಮನೆಗೂ ಆಯ್ತು, ಹೊರಗೂ ಆಯ್ತು" ಅಂತ ಹೇಳುವ ಮಾತಿನಲ್ಲಿ ಸತ್ಯ ಕಡಿಮೆ. ಹೊರಗೆ ಒಯ್ಯುವುದು ಚಿಕ್ಕದಾಗಿರಬೇಕು, ಹಗುರ ಇರಬೇಕು. ಮನೆಯಲ್ಲಿ ಇಡುವುದಕ್ಕೆ ಆ ಹಂಗು ಇಲ್ಲ, ಉದ್ದ ಇದ್ದಷ್ಟೂ ಗುರಿ ಸುಲಭ. ಹಾಗಾಗಿ ಎರಡನ್ನೂ ಬೇರೆ ಬೇರೆ ಸಮಸ್ಯೆ ಅಂತ ಬಿಡಿಸಿ ಕೂತೆವು.

ಮನೆಯ ಸಮಸ್ಯೆಗೆ ಆ ಬೆಳಿಗ್ಗೆಯೇ ಪಟ್ಟಿ ಆಯಿತು. ಬಚ್ಚಲ ಬಾಗಿಲಿಗೆ ಕಬ್ಬಿಣದ ಅಡ್ಡಪಟ್ಟಿ. ಅಂಗಳ, ಕೊಟ್ಟಿಗೆ, ಹಿತ್ತಿಲಿಗೆ ಮಲಗುವ ಕೋಣೆಯಿಂದಲೇ ಹಾಕುವ ಒಂದು ಸ್ವಿಚ್ಚಿನ ದೀಪ, ಕರೆಂಟು ಹೋದರೂ ಉರಿಯಲು ಇನ್ವರ್ಟರ್. ಮಳೆಗಾಲದಲ್ಲಿ ಅಲ್ಲಿ ಕರೆಂಟು ಹೋದರೆ ಎರಡು ದಿನಕ್ಕೆ ಬಂದರೆ ಪುಣ್ಯ. ಅಪರಿಚಿತರ ದೋಸೆ ತಿನ್ನದ ಇನ್ನೊಂದು ನಾಯಿ. ಮತ್ತೆ, ಸದ್ದಾದರೆ ಎಲ್ಲರೂ ಒಂದೇ ಕೋಣೆಗೆ ಬರಬೇಕು, ಬಾಗಿಲು ಹಾಕಿ 112ಕ್ಕೆ ಫೋನ್ ಮಾಡಬೇಕು. ಯಾರೂ ಕತ್ತಲಲ್ಲಿ ಕಳ್ಳನನ್ನು ಹುಡುಕಿಕೊಂಡು ಹೋಗಬಾರದು. ಹಲಗೆ ಗೋಡೆಯ ಮನೆಯಲ್ಲಿ .32 ಗುಂಡು ಹಲಗೆ ತೂರಿ ಆಚೆ ಕೋಣೆಗೆ ಹೋಗುತ್ತೆ. ಆಚೆ ಕೋಣೆಯಲ್ಲಿ ಯಾರು ಮಲಗಿದ್ದಾರೆ ಅಂತ ಗುಂಡಿಗೆ ಗೊತ್ತಿರೋದಿಲ್ಲ.

ಇನ್ನು ಅಪ್ಪನ ಕೋವಿ. ಇಲ್ಲಿ 1959ರ ಆಯುಧ ಕಾಯ್ದೆ ನಮ್ಮ ಕಡೆಗೇ ಇದೆ. ನಳಿಗೆ 20 ಇಂಚಿಗೆ ಕಡಿಮೆ ಇಲ್ಲದ ನಯ ನಳಿಗೆಯ (ಒಳಗೆ ಗೆರೆ ಕೊರೆಯದ) ಕೋವಿಯನ್ನು ರಕ್ಷಣೆಗೆ ಕೇಳಿದರೆ, ನಿರಾಕರಿಸಲು ಕಾರಣ ಇಲ್ಲದಿದ್ದಾಗ ಲೈಸೆನ್ಸ್ ಕೊಡಬೇಕು ಅಂತ 13ನೇ ಸೆಕ್ಷನ್ ಹೇಳುತ್ತೆ. ಪಿಸ್ತೂಲು ರಿವಾಲ್ವರಿಗೆ ಹಾಗಲ್ಲ, ಸರಿಯಾದ ಕಾರಣ ಇದೆ ಅಂತ ಅಧಿಕಾರಿಗೆ ಮನವರಿಕೆ ಆಗಬೇಕು. ಮತ್ತೆ 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸುದಾರನಿಗೆ 70 ವರ್ಷ ಆದರೆ, ಅಥವಾ ಕೋವಿ ಅವನ ಹತ್ತಿರ 25 ವರ್ಷ ಇದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಮಾಡಿಸಬಹುದು. ಅಪ್ಪ ತೀರಿಕೊಂಡ ಮೇಲೆ ಕೋವಿಯನ್ನು ಅಟ್ಟದಲ್ಲೇ ಬಿಟ್ಟು, ಆಮೇಲೆ ಕೇಸು ಹಾಕಿಸಿಕೊಂಡ ಮನೆ ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಲೈಸೆನ್ಸುದಾರ ಹೋದ ಕೂಡಲೇ ಅದನ್ನು ಠಾಣೆಗೋ ಡೀಲರಿಗೋ ಒಪ್ಪಿಸಬೇಕು.

"ಯಾರ ಹೆಸರಿಗೆ ಮಾಡ್ಸೋದು?" ಅಂತ ಹೆಗಡೆಯವರು ಕೇಳಿದರು. ಅಷ್ಟು ಹೊತ್ತು ಸುಮ್ಮನಿದ್ದ ಅವರ ಹೆಂಡತಿ ಚಾ ಲೋಟ ಎತ್ತುತ್ತಾ ಅಂದರು: "ಮನೇಲಿ ಇಪ್ಪವ್ರ ಹೆಸರಿಗೆ."

ವಾರಸುದಾರರ ಪಟ್ಟಿಯಲ್ಲಿ ಸೊಸೆಯೂ ಬರುತ್ತಾಳೆ. ಆ ಅರ್ಜಿ ಅವರ ಹೆಸರಿನಲ್ಲೇ ಹೋಯಿತು.

ರಸ್ತೆಯ ಸಮಸ್ಯೆ

ರಸ್ತೆಯದ್ದು ನಗದಿನ ಸಮಸ್ಯೆ. ಬೆಳೆಗಾರರಿಂದ ನೇರ ಕೊಳ್ಳುವಾಗ ನಗದು ಕೊಡಲು ಆದಾಯ ತೆರಿಗೆಯಲ್ಲಿ ರಿಯಾಯಿತಿ ಇದೆ. ಆದರೆ ಒಬ್ಬರು ಒಂದು ದಿನಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವಂತಿಲ್ಲ. ಹೆಗಡೆಯವರ ಪುಸ್ತಕ ತೆರೆದು ನೋಡಿದರೆ ದೊಡ್ಡ ಬೆಳೆಗಾರರೆಲ್ಲ ಆಗಲೇ ಬ್ಯಾಂಕಿನಲ್ಲಿ ತಗೊಳ್ಳುತ್ತಿದ್ದರು. ನಗದು ಕೇಳುವವರು ಅರ್ಧ ಮೂಟೆ, ಒಂದು ಮೂಟೆ ತರುವವರು. ಅವರಲ್ಲೂ ಅರ್ಧ ಜನ ಮೊಬೈಲಿನಲ್ಲಿ ಹಾಕಿದರೆ ಆಗುತ್ತೆ ಅಂದರು. ಇವರೇ ಯಾವತ್ತೂ ಕೇಳಿರಲಿಲ್ಲ! ನಾಲ್ಕು ಲಕ್ಷ ಒಯ್ಯುವ ಕಡೆ ಎಂಬತ್ತು ಸಾವಿರಕ್ಕೆ ಇಳಿಯಿತು. ಪ್ರತಿ ಮಂಗಳವಾರ ಒಂದೇ ರಸ್ತೆ, ಒಂದೇ ಹೊತ್ತು ಅನ್ನುವ ಅಭ್ಯಾಸವನ್ನೂ ಬಿಡಿಸಿದೆ.

ಇಷ್ಟಾದ ಮೇಲೆ ರಿವಾಲ್ವರ್ ಬೇಕಾ? ಬೇಡ ಅನ್ನುವುದು ನನ್ನ ಅಭಿಪ್ರಾಯವಾಗಿತ್ತು, ಅದನ್ನು ಮುಖಕ್ಕೇ ಹೇಳಿದೆ. ಹೆಗಡೆಯವರು ಒಪ್ಪಲಿಲ್ಲ. ಎಂಬತ್ತು ಸಾವಿರಕ್ಕೂ ತಲೆ ಒಡೆಯುವವರಿದ್ದಾರೆ ಅಂದರು. ಅದೂ ಸುಳ್ಳಲ್ಲ. ಲೈಸೆನ್ಸಿಗೆ ಅರ್ಜಿ ಹಾಕುವ ಹಕ್ಕು ಅವರದ್ದು, ಕೊಡುವುದು ಬಿಡುವುದು ಡಿಸಿಯವರದ್ದು.

ಕಾನೂನಿನ ಒಂದು ಮಾತು ಮಾತ್ರ ಮೊದಲೇ ಬಿಡಿಸಿ ಹೇಳಿದೆ. ಆಗ ಐಪಿಸಿ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಆತ್ಮರಕ್ಷಣೆಯ ವಿಷಯ ಅದರ 34ರಿಂದ 44ನೇ ಸೆಕ್ಷನ್‌ವರೆಗೆ ಇದೆ. ಸುಲಿಗೆ, ರಾತ್ರಿ ಮನೆ ಒಡೆಯುವುದು, ಇಂಥವಕ್ಕೆ ಪ್ರಾಣ ಹೋಗುವಷ್ಟರ ಮಟ್ಟಿಗೂ ತಡೆಯುವ ಹಕ್ಕು ಇದೆ. ಆದರೆ ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ. ಪೊಲೀಸರ ಸಹಾಯ ಪಡೆಯಲು ಸಮಯ ಇದ್ದರೆ ಆ ಹಕ್ಕೇ ಇಲ್ಲ.

"ಮೂಟೆ ಹೊತ್ತು ಓಡ್ತಾ ಇದ್ರೆ?"

"ಓಡೋನ ಬೆನ್ನಿಗೆ ಹೊಡೆದ್ರೆ ಜೈಲಿಗೆ ಹೋಗೋದು ನೀವು."

ಹೆಗಡೆಯವರು ಸ್ವಲ್ಪ ಹೊತ್ತು ಸುಮ್ಮನಾದರು. ಮೂಟೆ ಹೋದ ಸಿಟ್ಟು ಇನ್ನೂ ಅವರ ಹೊಟ್ಟೆಯಲ್ಲಿತ್ತು ಅಂತ ಆಗ ತಿಳಿಯಿತು.

ಅರ್ಜಿ ಡಿಸೆಂಬರಿನಲ್ಲಿ ಹೋಯಿತು. ಆಗಸ್ಟಿನ ದೂರಿನ ಪ್ರತಿ, ವ್ಯಾಪಾರದ ದಾಖಲೆ, ದೈಹಿಕ ಮಾನಸಿಕ ಆರೋಗ್ಯದ ವೈದ್ಯರ ಪತ್ರ, ಸುರಕ್ಷಿತವಾಗಿ ಇಡುತ್ತೇನೆ ಅನ್ನುವ ಮುಚ್ಚಳಿಕೆ. ಬೈಕಿನ ವಿಷಯ ಇದ್ದದ್ದು ಇದ್ದ ಹಾಗೆ ಒಂದೇ ಸಾಲಿನಲ್ಲಿ ಬರೆಸಿದೆ. ಗಂಡ ಹೆಂಡತಿ ಇಬ್ಬರೂ ಪೊಲೀಸರ ನಾಗರಿಕ ಬಂದೂಕು ತರಬೇತಿಗೆ ಹೋಗಿ ಬಂದರು. ನಡುವೆ 2023ರ ವಿಧಾನಸಭೆ ಚುನಾವಣೆ ಬಂತು, ಕಡತ ಮಲಗಿತು. ಅದೇ ನವೆಂಬರಿನಲ್ಲಿ ಲೈಸೆನ್ಸ್ ಕೈಗೆ ಬಂತು. ಐದು ವರ್ಷಕ್ಕೆ, ವ್ಯಾಪ್ತಿ ಕರ್ನಾಟಕ ಮಾತ್ರ.

ಅಂಗಡಿಯಲ್ಲಿ

ಹುಬ್ಬಳ್ಳಿಯ ಅಂಗಡಿಗೆ 2024ರ ಜನವರಿಯಲ್ಲಿ ಹೋದೆವು. ಅಷ್ಟರಲ್ಲಿ ಹೆಗಡೆಯವರ ತಲೆಯಲ್ಲಿ ಅಶನಿ ಕೂತಿತ್ತು. ಅದು ಸರ್ಕಾರಿ ಕಾರ್ಖಾನೆಯ .32 ಪಿಸ್ತೂಲು. ಚಪ್ಪಟೆ, ಅಂಗಿಯೊಳಗೆ ಕಾಣೋದಿಲ್ಲ, ಮ್ಯಾಗಜಿನ್ (ತೋಟೆ ತುಂಬಿಡುವ ಡಬ್ಬಿ) ಬದಲಿಸೋದು ಚಕಚಕ.

ಅಂಗಡಿಯವರು ಖಾಲಿ ಪಿಸ್ತೂಲು ಕೈಗೆ ಕೊಟ್ಟರು. ಸ್ಲೈಡ್ (ಮೇಲಿನ ಜಾರುವ ಭಾಗ) ಹಿಂದಕ್ಕೆ ಎಳೆಯಿರಿ ಅಂದೆ. ಹೆಗಡೆಯವರ ಬಲಗೈ ಹೆಬ್ಬೆರಳು ಹತ್ತು ವರ್ಷದ ಹಿಂದೆ ಮರದಿಂದ ಬಿದ್ದಾಗ ಮುರಿದು ಸೊಟ್ಟ ಕೂಡಿದ್ದು. ಮೂರು ಸಲ ಎಳೆದರು. ಮೂರೂ ಸಲ ಅರ್ಧಕ್ಕೆ ಜಾರಿತು. ನಾಲ್ಕನೆಯ ಸಲ ಪಿಸ್ತೂಲನ್ನು ತೊಡೆಗೆ ಒತ್ತಿಕೊಂಡು ಎಳೆಯಲು ಹೋದರು. ನಳಿಗೆ ಎತ್ತ ಕಡೆ ನೋಡುತ್ತಿದೆ ಅಂತ ಅವರಿಗೆ ಗಮನವೇ ಇರಲಿಲ್ಲ. ನಾನು ಕೈ ಹಿಡಿದು ಕೆಳಗಿಡಿಸಿದೆ.

ಪಿಸ್ತೂಲಿನಲ್ಲಿ ತೋಟೆ ಕೈಕೊಟ್ಟರೆ ಮತ್ತೆ ಸ್ಲೈಡ್ ಎಳೆದು ಅದನ್ನು ಹೊರಹಾಕಬೇಕು. ರಿವಾಲ್ವರಿನಲ್ಲಿ ಇನ್ನೊಮ್ಮೆ ಟ್ರಿಗರ್ ಎಳೆದರೆ ಮುಂದಿನ ತೋಟೆ ಬರುತ್ತೆ. ತುಂಬಿದೆಯೋ ಖಾಲಿಯೋ ಅಂತ ಸಿಲಿಂಡರ್ (ತೋಟೆ ಕೂರುವ, ತಿರುಗುವ ಉರುಳೆ) ತೆರೆದರೆ ಕಣ್ಣಿಗೇ ಕಾಣುತ್ತೆ. ಪಿಸ್ತೂಲಿನಲ್ಲಿ ಮ್ಯಾಗಜಿನ್ ತೆಗೆದ ಮೇಲೂ ನಳಿಗೆಯಲ್ಲಿ ಒಂದು ತೋಟೆ ಉಳಿದಿರಬಹುದು, ಖಾಲಿ ಅಂದುಕೊಂಡು ಅನಾಹುತ ಮಾಡಿಕೊಂಡವರನ್ನು ಸೇನೆಯಲ್ಲೇ ನೋಡಿದ್ದೇನೆ. ವರ್ಷಕ್ಕೆ ಸಾವಿರ ಸುತ್ತು ಹೊಡೆದು ಅಭ್ಯಾಸ ಮಾಡುವವನಿಗೆ ಪಿಸ್ತೂಲು ಸರಿ. ನಮ್ಮಲ್ಲಿ ತೋಟೆಯ ಲೆಕ್ಕ ಲೈಸೆನ್ಸಿನಲ್ಲೇ ಬರೆದಿರುತ್ತೆ, ಒಂದೊಂದಕ್ಕೆ ನೂರು ರೂಪಾಯಿ ದಾಟುತ್ತೆ. ಸಾವಿರ ಸುತ್ತಿನ ಮಾತೇ ಇಲ್ಲ.

ತೋಟೆಯ ಒಂದು ಗೊಂದಲವನ್ನೂ ಇಲ್ಲೇ ಹೇಳಬೇಕು. ಪಿಸ್ತೂಲಿಗೂ .32 ಅಂತಾರೆ, ರಿವಾಲ್ವರಿಗೂ .32 ಅಂತಾರೆ. ಎರಡೂ ಒಂದೇ ಅಲ್ಲ. ಪಿಸ್ತೂಲಿನದು ಗಿಡ್ಡ, ರಿವಾಲ್ವರಿನದು ಉದ್ದ, ಹಿಂದೆ ಅಂಚು ದೊಡ್ಡದು. ಒಂದರದ್ದು ಇನ್ನೊಂದಕ್ಕೆ ಹಾಕುವ ಹಾಗಿಲ್ಲ. ಕೊಳ್ಳುವಾಗ ಪೆಟ್ಟಿಗೆ ಮೇಲಿನ ಬರಹ ಪೂರ್ತಿ ಓದಬೇಕು.

ರಿವಾಲ್ವರಿನಲ್ಲಿ ಮೂರು ನೋಡಿದೆವು. 2014ರಲ್ಲಿ ಬಂದ ನಿರ್ಭೀಕ್, ಟೈಟಾನಿಯಂ ಮಿಶ್ರಲೋಹದ್ದು, ಸುಮಾರು 500 ಗ್ರಾಂ. ಮಹಿಳೆಯರಿಗೆ ಅಂತ ಹೇಳಿ ಬಿಡುಗಡೆ ಮಾಡಿದ್ದರು, ಆಗ ಬೆಲೆ 1,22,360 ರೂಪಾಯಿ. ಹಗುರ ಇದೆ ಅಂದರೆ ಒಯ್ಯಲು ಸುಖ, ಹೊಡೆಯುವಾಗ ಕೈಗೆ ಒದೆತ ಜಾಸ್ತಿ. ಎರಡನೆಯದು ಕಾನ್ಪುರದ ಹಳೇ ನಮೂನೆಯದು, ವೆಬ್ಲಿಯ ಹಾಗೆ ಮಧ್ಯಕ್ಕೆ ಮಡಚಿ ತೆರೆಯುವಂಥದ್ದು. ಅದರ ಚಿಲಕ ಒತ್ತಲು ಹೆಬ್ಬೆರಳೇ ಬೇಕು. ಸೊಟ್ಟ ಬೆರಳಿಗೆ ಅದೂ ತೊಂದರೆ. ಮೂರನೆಯದು ಪ್ರಬಲ್, 2023ರ ಆಗಸ್ಟಿನಲ್ಲಿ ಬಂದದ್ದು, ಸಿಲಿಂಡರ್ ಪಕ್ಕಕ್ಕೆ ಹೊರಳುತ್ತೆ. ತೂಕ ಸುಮಾರು 675 ಗ್ರಾಂ. 50 ಮೀಟರ್‌ವರೆಗೆ ಹೊಡೆಯುತ್ತೆ ಅಂತ ಅದರ ಪ್ರಚಾರ. ನನಗೆ ಅದರಲ್ಲಿ ಆಸಕ್ತಿ ಇಲ್ಲ. ಹೆಗಡೆಯವರಿಗೆ ಬೇಕಾದದ್ದು ಕಾರಿನ ಬಾಗಿಲಿನಷ್ಟು ದೂರ. 50 ಮೀಟರ್ ಆಚೆ ಇರುವವನಿಂದ ತಪ್ಪಿಸಿಕೊಳ್ಳಲು ಆಕ್ಸಿಲರೇಟರ್ ಇದೆ.

ಪ್ರಬಲ್ ಕೈಯಲ್ಲಿ ಕೂತಿತು. ಬೆರಳು ಟ್ರಿಗರ್ ಮುಟ್ಟಿತು. ಒಂದು ನಾಣ್ಯವನ್ನು ನಳಿಗೆ ತುದಿಯಲ್ಲಿ ಇಟ್ಟು, ಅಂಗಡಿಯವರ ಒಪ್ಪಿಗೆ ಕೇಳಿ, ಒಳಗೆ ಡಮ್ಮಿ ತೋಟೆ ಹಾಕಿ, ಗೋಡೆ ಕಡೆ ಹಿಡಿದು ಟ್ರಿಗರ್ ಎಳೆಯಲು ಹೇಳಿದೆ. ಡಬಲ್ ಆಕ್ಷನ್‌ನಲ್ಲಿ (ಸುತ್ತಿಗೆಯನ್ನು ಎತ್ತಿ ಬಡಿಯುವುದೂ ಒಂದೇ ಎಳೆತದಲ್ಲಿ) ಟ್ರಿಗರ್ ಬಿಗಿ, ಕೈ ಅಲುಗಿ ನಾಣ್ಯ ಆರು ಸಲವೂ ಬಿತ್ತು. ಅದೇ ಪರೀಕ್ಷೆ ನಿರ್ಭೀಕ್‌ನಲ್ಲೂ ಮಾಡಿದೆವು, ಅಲ್ಲೂ ಬಿತ್ತು. ನಾಣ್ಯ ನಿಲ್ಲುವುದು ಅಭ್ಯಾಸದಿಂದ, ಮಾದರಿಯಿಂದ ಅಲ್ಲ. ಸೊಟ್ಟ ಹೆಬ್ಬೆರಳಿಗೆ ತೆರೆಯಲು ಸುಲಭವಾದದ್ದನ್ನೇ ತಗೊಂಡೆವು. ಮೂರು ತಿಂಗಳು ದಿನಕ್ಕೆ ಹತ್ತು ಸಲ ಡಮ್ಮಿ ತೋಟೆಯಲ್ಲಿ ಎಳೆಯಿರಿ ಅಂತ ಹೇಳಿ ಕಳಿಸಿದೆ.

ಒಂದು ಮಳೆಗಾಲ

ಮಾರ್ಚಿನಲ್ಲಿ ಲೋಕಸಭೆ ಚುನಾವಣೆ ಘೋಷಣೆ ಆಯಿತು. ಆಯುಧ ಠಾಣೆಗೆ ಕೊಡುವುದರಿಂದ ಯಾರಿಗೆ ವಿನಾಯಿತಿ ಅಂತ ನೋಡಲು ಸ್ಕ್ರೀನಿಂಗ್ ಸಮಿತಿ ಇರುತ್ತೆ. ಹೆಗಡೆಯವರು ಕೇಳುವ ಗೋಜಿಗೇ ಹೋಗದೆ ರಿವಾಲ್ವರನ್ನೂ ಕೋವಿಯನ್ನೂ ಠಾಣೆಗೆ ಕೊಟ್ಟು ರಶೀದಿ ತಗೊಂಡು ಬಂದರು. ಜೂನ್‌ನಲ್ಲಿ ವಾಪಸ್ ಬಂದಾಗ ಮಳೆ ಶುರುವಾಗಿತ್ತು.

ಆ ವರ್ಷದ ಮಳೆ ನಮ್ಮ ಜಿಲ್ಲೆಗೆ ಮರೆಯುವಂಥದ್ದಲ್ಲ. ಜುಲೈ 16ಕ್ಕೆ ನಮ್ಮ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಿತ್ತು. ಅದರ ಗಡಿಬಿಡಿಯಲ್ಲಿ ನಾನು ಹೆಗಡೆಯವರನ್ನು ಮರೆತೇ ಬಿಟ್ಟಿದ್ದೆ. ಆಗಸ್ಟಿನಲ್ಲಿ ಫೋನ್ ಬಂತು. "ಸುಬೇದಾರ್ರೇ, ಇದ್ಕೆ ಬೂಸಲು ಬಂತಲ್ರಾ."

ಹೋಗಿ ನೋಡಿದರೆ ಚರ್ಮದ ಹೋಲ್ಸ್ಟರಿನಲ್ಲೇ (ಸೊಂಟಕ್ಕೆ ಕಟ್ಟುವ ಚೀಲ) ಹಾಕಿ ಲಾಕರಿನಲ್ಲಿ ಇಟ್ಟಿದ್ದರು. ಚರ್ಮ ಹಸಿರುಗಟ್ಟಿತ್ತು. ರಿವಾಲ್ವರ್ ಹೊರತೆಗೆದು ಬೆಳಕಿಗೆ ಹಿಡಿದರೆ ಸಿಲಿಂಡರಿನ ಗೆರೆಗಳಲ್ಲಿ ಕಂದು ಚುಕ್ಕೆ, ಸಾಸಿವೆ ಚೆಲ್ಲಿದ ಹಾಗೆ. ಚರ್ಮ ನೀರು ಹೀರುತ್ತೆ, ಹೀರಿದ್ದನ್ನು ಕಬ್ಬಿಣಕ್ಕೆ ಒರೆಸುತ್ತೆ. ನಮ್ಮ ಸೀಮೆಯಲ್ಲಿ ಹೋಲ್ಸ್ಟರ್ ಇರೋದು ಒಯ್ಯಲು ಮಾತ್ರ, ಇಡಲು ಅಲ್ಲ. ಎಣ್ಣೆ ಬಟ್ಟೆಯಲ್ಲಿ ಉಜ್ಜಿ ಚುಕ್ಕೆ ತೆಗೆದೆವು. ಎರಡು ತೋಟೆಯ ಹಿತ್ತಾಳೆಯೂ ಕಪ್ಪಾಗಿತ್ತು, ಅವನ್ನು ಬಳಕೆಯಿಂದ ತೆಗೆದಿಡಿಸಿದೆ. ಈಗ ತೋಟೆ ಗಾಳಿಯಾಡದ ಡಬ್ಬದಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ. ರಿವಾಲ್ವರ್ ಬೇರೆ ಲಾಕರಿನಲ್ಲಿ, ಪ್ರತಿ ಭಾನುವಾರ ಒರೆಸಿ. ಲಾಕರಿನ ಕೀಲಿ ದೇವರ ಫೋಟೋ ಹಿಂದೆ ಇಲ್ಲ. ಎಲ್ಲಿದೆ ಅಂತ ಮೊಮ್ಮಗಳಿಗೆ ಗೊತ್ತಿಲ್ಲ, ನನಗೂ ಹೇಳಲಿಲ್ಲ.

ಅದೇ ರಾತ್ರಿ, ಈ ಸಲ ಹೇಳದೆ, ಬಚ್ಚಲ ಬಾಗಿಲಿಗೆ ಹೋದೆ. ಮುಟ್ಟುವ ಮೊದಲೇ ಹೊಸ ನಾಯಿ ಊರು ಎಬ್ಬಿಸಿತು. ಹತ್ತು ಸೆಕೆಂಡಿನೊಳಗೆ ಅಂಗಳ ಹಿತ್ತಿಲು ಎಲ್ಲ ಬೆಳಕು. ಒಳಗಿನಿಂದ ಹೆಂಗಸಿನ ದನಿ: "ಯಾರದು? ಪೊಲೀಸ್ರಿಗೆ ಫೋನ್ ಮಾಡಿದ್ದು!" ನಾನು ಮಳೆಯಲ್ಲಿ ಕೈ ಎತ್ತಿ ನಿಂತು ಹೆಸರು ಹೇಳಿದೆ. ಫೋನ್ ನಿಜಕ್ಕೂ ಹೋಗಿತ್ತು. ಆಮೇಲೆ ಪೊಲೀಸರಿಗೆ ಸಮಜಾಯಿಷಿ ಹೇಳಿ, ಬೈಸಿಕೊಂಡದ್ದು ನಾನು. ಹೇಳದೆ ಹೋದದ್ದು ನನ್ನದೇ ತಪ್ಪು. ಕೋವಿ ಇರುವ ಮನೆಯಲ್ಲಿ ಇಂಥ ಆಟ ಆಡಬಾರದಿತ್ತು.

ಡೈರಿ

ರಿವಾಲ್ವರ್ ಕೊಂಡ ದಿನ ಹೆಗಡೆಯವರಿಗೆ ಒಂದು ಡೈರಿ ಕೊಟ್ಟಿದ್ದೆ. ಒಯ್ದ ದಿನ ಬರೆಯಿರಿ, ಬಿಟ್ಟು ಹೋದ ದಿನವೂ ಯಾಕೆ ಬಿಟ್ಟಿರಿ ಅಂತ ಬರೆಯಿರಿ ಅಂದಿದ್ದೆ. ವ್ಯಾಪಾರಿ ಮನುಷ್ಯ, ಲೆಕ್ಕ ಸರಿಯಾಗಿ ಇಟ್ಟಿದ್ದರು.

ಫೆಬ್ರವರಿಯಲ್ಲಿ ಒಂಬತ್ತು ದಿನ ಒಯ್ದಿದ್ದಾರೆ. ಮಾರ್ಚಿನಲ್ಲಿ, ಠಾಣೆಗೆ ಕೊಡುವವರೆಗೆ, ನಾಲ್ಕು. ಜೂನ್‌ನಲ್ಲಿ ಎರಡು. ಬಿಟ್ಟು ಹೋದದ್ದರ ಕಾರಣಗಳು ಹೀಗಿವೆ: ಕಾರಿನಲ್ಲಿ ಕೂತರೆ ಪಕ್ಕೆಗೆ ಚುಚ್ಚುತ್ತದೆ. ಬ್ಯಾಂಕಿಗೆ ಹೋಗುವುದಿತ್ತು. ಕೋರ್ಟಿನಲ್ಲಿ ಸಾಕ್ಷಿ ಇತ್ತು. ಮಾರಿಕಾಂಬೆ ಗುಡಿಗೆ ಹೋಗುವುದಿತ್ತು, ಕಾರಿನಲ್ಲಿ ಬಿಟ್ಟು ಇಳಿಯಲು ಮನಸ್ಸಾಗಲಿಲ್ಲ. ಮದುವೆ ಊಟ, ಪಂಚೆ ಶಲ್ಯದ ಮೇಲೆ ಎಲ್ಲಿ ಕಟ್ಟುವುದು? ಹೋಲ್ಸ್ಟರಿನಲ್ಲೇ ಇರಬೇಕು, ಹೊರಗೆ ಕಾಣದ ಹಾಗೆ ಪೂರ್ತಿ ಮುಚ್ಚಿರಬೇಕು ಅಂತ ನಿಯಮ. ಬೇಸಿಗೆಯ ಅರ್ಧ ತೋಳಿನ ಅಂಗಿಯಲ್ಲಿ ಅದು ಆಗುವ ಮಾತಲ್ಲ.

ಜುಲೈ ಪುಟ ಖಾಲಿ. ಆಗಸ್ಟಿನಲ್ಲಿ ಒಂದು ಸಾಲು, "ಸುಬೇದಾರ್ ಬಂದಿದ್ದರು, ತುಕ್ಕು." ಕೊನೆಯ ಬರಹ ಆ ವರ್ಷದ ದೊಡ್ಡಹಬ್ಬದ ಮರುದಿನದ್ದು: "ಮಗಳ ಮನೆಗೆ ಮಡಗಾಂವ್. ಗೋವಾ ಗಡಿಯ ಮಾಜಾಳಿ ಗೇಟು ದಾಟುವ ಹಾಗಿಲ್ಲ. ಲಾಕರಿನಲ್ಲಿ ಬಿಟ್ಟು ಹೋದೆ. ನಗದು 2,300."